ನಂಬದವರಿಗೂ ಒಂದು ಪೀಠ



ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಯಾರೊಡನೆಯೂ ಹೇಳಿಕೊಳ್ಳಲಾಗದ ಒಂದು ನೋವಿದೆ. ಹಸುಗೂಸಾಗಿದ್ದಾಗ ಜ್ಞಾನಸ್ನಾನ ಪಡೆದ ಮಗ, ಬಿಳಿಯುಡುಪು ತೊಟ್ಟು ಮೊದಲ ಪರಮಪ್ರಸಾದ ಸ್ವೀಕರಿಸಿದ ಮಗಳು, ಸಂಜೆಯ ಜಪಸರದಲ್ಲಿ ತಪ್ಪದೆ ಮೊಣಕಾಲೂರುತ್ತಿದ್ದ ಮಕ್ಕಳು, ಓದಿಗೋ ಉದ್ಯೋಗಕ್ಕೋ ಹೋದ ಮೇಲೆ ಬದಲಾಗುತ್ತಾರೆ. ಒಂದು ಭಾನುವಾರ ಬೆಳಿಗ್ಗೆ, "ಅಮ್ಮಾ, ನೀವು ಪೂಜೆಗೆ ಹೋಗಿಬನ್ನಿ, ನಾನು ಬರುವುದಿಲ್ಲ. ನನಗೆ ಇದರಲ್ಲೆಲ್ಲ ನಂಬಿಕೆ ಉಳಿದಿಲ್ಲ" ಎಂದುಬಿಡುತ್ತಾರೆ.

ಆಗ ನೀವೇನು ಮಾಡುತ್ತೀರಿ? ಕೆಲವು ತಂದೆಯರು ಗದರಿಸುತ್ತಾರೆ. "ನನ್ನ ಮನೆಯಲ್ಲಿ ಅನ್ನ ತಿನ್ನುವವರೆಗೆ ದೇವಾಲಯಕ್ಕೆ ಬರಲೇಬೇಕು" ಎಂದು ಕಟ್ಟಪ್ಪಣೆ ಮಾಡುತ್ತಾರೆ. ಕೆಲವು ತಾಯಂದಿರು ಅಳುತ್ತಾರೆ. ಇನ್ನು ಕೆಲವರು ಏನೂ ಆಗಿಲ್ಲವೆಂಬಂತೆ ಸುಮ್ಮನಿದ್ದುಬಿಡುತ್ತಾರೆ. ಈ ಮೂರರಲ್ಲಿಯೂ ಒಂದು ಕೆಲಸ ಮಾತ್ರ ನಡೆಯುವುದಿಲ್ಲ. ಆ ಮಗ ಅಥವಾ ಮಗಳು ಏಕೆ ನಂಬುತ್ತಿಲ್ಲ ಎಂಬುದನ್ನು ಯಾರೂ ಕುಳಿತು ಕೇಳುವುದಿಲ್ಲ.

ಇಟಲಿ ದೇಶದ ಮಿಲಾನ್ ನಗರದಲ್ಲಿ ಒಬ್ಬ ಮಹಾಧರ್ಮಾಧ್ಯಕ್ಷರು ಹಾಗೆ ಕುಳಿತು ಕೇಳಿದರು. ಒಂದು ದಿನವಲ್ಲ, ಹದಿನೈದು ವರ್ಷಗಳ ಕಾಲ. ಅವರ ಆ ಪ್ರಯೋಗದಿಂದ ನಮ್ಮ ಕುಟುಂಬಗಳು ಕಲಿಯಬೇಕಾದ ಪಾಠ ಇಂದಿನ ನಮ್ಮ ಚಿಂತನೆಯ ವಿಷಯ.

ಮಿಲಾನಿನ ತೆರೆದ ಬಾಗಿಲು

ಮಿಲಾನ್ ನಗರಕ್ಕೂ ಸಂದೇಹಪಡುವವರಿಗೂ ಬಹಳ ಹಳೆಯ ನಂಟಿದೆ. ಕ್ರಿ.ಶ. 384ರಲ್ಲಿ ಭಾಷಣಕಲೆಯನ್ನು ಕಲಿಸುವ ಒಬ್ಬ ತರುಣ ಉಪಾಧ್ಯಾಯ ಆ ನಗರಕ್ಕೆ ಬಂದ. ತಾಯಿಯ ಧರ್ಮವನ್ನು ಬಿಟ್ಟು ಬೇರೊಂದು ಪಂಥ ಸೇರಿದ್ದ ಆತ, ಅದರಲ್ಲಿಯೂ ನೆಮ್ಮದಿ ಕಾಣದೆ, ಯಾವುದನ್ನೂ ನಿಶ್ಚಯವಾಗಿ ತಿಳಿಯಲು ಸಾಧ್ಯವಿಲ್ಲ ಎನ್ನುವ ಸಂಶಯವಾದಿಗಳ ಕಡೆಗೆ ವಾಲುತ್ತಿದ್ದ. ಆತನ ಹೆಸರು ಅಗುಸ್ತೀನ. ಅಲ್ಲಿನ ಧರ್ಮಾಧ್ಯಕ್ಷರು ಸಂತ ಅಂಬ್ರೋಸರು. ಅಗುಸ್ತೀನನು ಮೊದಲು ಅವರ ಪ್ರಬೋಧನೆಗೆ ಬಂದದ್ದು ಸತ್ಯವನ್ನು ತಿಳಿಯಲು ಅಲ್ಲ, ಅವರ ಮಾತಿನ ಶೈಲಿಯನ್ನು ಪರೀಕ್ಷಿಸಲು. ಆದರೆ ಅಂಬ್ರೋಸರು ತನ್ನನ್ನು ಬರಮಾಡಿಕೊಂಡ ರೀತಿಗೆ ಆತ ಸೋತ. ಅವರ ಬಾಗಿಲು ಯಾರಿಗೂ ಮುಚ್ಚಿರಲಿಲ್ಲವೆಂದೂ, ಸತ್ಯದ ಬೋಧಕರೆಂದು ಒಪ್ಪುವುದಕ್ಕೆ ಮೊದಲೇ ತನಗೆ ದಯೆ ತೋರಿದ ಮನುಷ್ಯನೆಂದು ಅವರನ್ನು ಪ್ರೀತಿಸತೊಡಗಿದೆನೆಂದೂ ಆತ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 387ರ ಪಾಸ್ಕದ ಜಾಗರಣೆಯಂದು ಅಂಬ್ರೋಸರೇ ಆತನಿಗೆ ಜ್ಞಾನಸ್ನಾನ ಕೊಟ್ಟರು.

ಇದಾಗಿ ಸರಿಯಾಗಿ 1600 ವರ್ಷಗಳ ನಂತರ, 1987ರಲ್ಲಿ, ಅಂಬ್ರೋಸರ ಉತ್ತರಾಧಿಕಾರಿಯಾಗಿದ್ದ ಕಾರ್ಡಿನಲ್ ಕಾರ್ಲೊ ಮರಿಯ ಮಾರ್ತೀನಿಯವರು ಅದೇ ನಗರದಲ್ಲಿ ಹೊಸ ಬಗೆಯ ಸಭೆಯೊಂದನ್ನು ಆರಂಭಿಸಿದರು. ಅದಕ್ಕೆ ಅವರಿಟ್ಟ ಹೆಸರು 'ಕಾತೆದ್ರ ದೇಯಿ ನೋನ್ ಕ್ರೆದೆಂತಿ'. ಅಂದರೆ 'ವಿಶ್ವಾಸವಿಲ್ಲದವರ ಪೀಠ'.

ಈ ಹೆಸರಿನ ಅರ್ಥವನ್ನು ಸ್ವಲ್ಪ ನಿಧಾನವಾಗಿ ಗಮನಿಸಿ. 'ಕಾತೆದ್ರ' ಎಂದರೆ ಗುರುವು ಕುಳಿತು ಬೋಧಿಸುವ ಪೀಠ. ಧರ್ಮಾಧ್ಯಕ್ಷರು ತಮ್ಮ ಪ್ರಧಾನಾಲಯದಲ್ಲಿ ಕುಳಿತುಕೊಳ್ಳುವ ಆಸನಕ್ಕೂ ಇದೇ ಹೆಸರು. ಆ ಆಸನ ಇರುವುದರಿಂದಲೇ ಆ ದೇವಾಲಯಕ್ಕೆ ಕಥೀಡ್ರಲ್ ಎಂಬ ಹೆಸರು ಬಂದಿದೆ. ಯೂರೋಪಿನ ಅತಿ ದೊಡ್ಡ ಧರ್ಮಪ್ರಾಂತ್ಯಗಳಲ್ಲಿ ಒಂದಾದ ಮಿಲಾನಿನಲ್ಲಿ ಅಂಥ ಪೀಠದ ಒಡೆಯರಾದವರು, ವಿಶ್ವಾಸವಿಲ್ಲದವರಿಗೆ ಬೇರೊಂದು ಪೀಠ ಹಾಕಿಸಿ, "ನೀವು ಮಾತಾಡಿ, ನಾನು ಕೇಳುತ್ತೇನೆ" ಎಂಬಂತೆ ಎದುರಿಗೆ ಕುಳಿತರು.

ಮಾರ್ತೀನಿಯವರು ಸಾಮಾನ್ಯರಲ್ಲ. 1927ರಲ್ಲಿ ಜನಿಸಿ, 1944ರಲ್ಲಿ ಯೇಸುಸಭೆ ಸೇರಿ, 1952ರಲ್ಲಿ ಗುರುದೀಕ್ಷೆ ಪಡೆದರು. ಪವಿತ್ರ ಬೈಬಲಿನ ಪುರಾತನ ಹಸ್ತಪ್ರತಿಗಳನ್ನು ಅಧ್ಯಯನ ಮಾಡಿದ ಮಹಾಪಂಡಿತರು. ರೋಮಿನ ಬೈಬಲ್ ಅಧ್ಯಯನ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಜಗದ್ಗುರು ಎರಡನೇ ಜಾನ್ ಪಾಲರು ಅವರನ್ನು ಮಿಲಾನಿನ ಮಹಾಧರ್ಮಾಧ್ಯಕ್ಷರನ್ನಾಗಿ ನೇಮಿಸಿ, 1980ರ ಜನವರಿ 6ರಂದು ತಾವೇ ಅಭಿಷೇಕಿಸಿದರು. ಉತ್ತರ ಕೊಡಲು ಬಾರದ್ದರಿಂದ ಸುಮ್ಮನೆ ಕೇಳಿಸಿಕೊಂಡವರಲ್ಲ ಅವರು. ಉತ್ತರ ಗೊತ್ತಿದ್ದೂ ಮೊದಲು ಕೇಳಿಸಿಕೊಂಡವರು.

ಆ ಸಭೆಯಲ್ಲಿ ನಡೆದದ್ದೇನು?

1987ರಿಂದ 2002ರವರೆಗೆ ಈ ಸಭೆಯ 12 ಆವೃತ್ತಿಗಳು ನಡೆದವು. ತತ್ತ್ವಶಾಸ್ತ್ರಜ್ಞರು, ವಿಜ್ಞಾನಿಗಳು, ಸಾಹಿತಿಗಳು ಬಂದು ಮಾತಾಡಿದರು. ವೆನಿಸ್ ನಗರದ ಮೇಯರ್ ಆಗಿದ್ದ ತತ್ತ್ವಜ್ಞಾನಿ ಮಾಸ್ಸಿಮೊ ಕಚ್ಚಾರಿ ಅವರಲ್ಲೊಬ್ಬರು. ವಿಷಯಗಳು ಸುಲಭದವಾಗಿರಲಿಲ್ಲ. ನರಳುವ ಮನುಷ್ಯನೆದುರು ದೇವರು ಏಕೆ ಮೌನವಾಗಿದ್ದಾನೆ? ವಿಜ್ಞಾನದ ಎಲ್ಲೆ ಎಲ್ಲಿಯವರೆಗೆ? ಕಳೆದುಹೋಗುವ ಕಾಲಕ್ಕೆ ಏನು ಅರ್ಥ? ದೇವರನ್ನು ನಂಬದವನೂ ಒಂದು ರೀತಿಯಲ್ಲಿ ಪ್ರಾರ್ಥಿಸುತ್ತಾನೆಯೇ? ಇಂಥ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನಂಬುವವರೂ ನಂಬದವರೂ ಒಂದೇ ಛಾವಣಿಯ ಕೆಳಗೆ ಕುಳಿತರು.

ಅದು ಚರ್ಚಾಸ್ಪರ್ಧೆಯಾಗಿರಲಿಲ್ಲ. ಗೆದ್ದವರು ಯಾರು, ಸೋತವರು ಯಾರು ಎಂದು ಲೆಕ್ಕ ಹಾಕಲಿಲ್ಲ. ಬಂದವರನ್ನು ಆ ಸಂಜೆಯೇ ಮನಃಪರಿವರ್ತನೆ ಮಾಡಿಬಿಡುವ ಆತುರವೂ ಇರಲಿಲ್ಲ. ಮಾರ್ತೀನಿಯವರು ಅದನ್ನು ಆತ್ಮದ ಒಂದು ಸಾಧನೆ ಎಂದು ಕರೆದರು. ಧ್ಯಾನಕೂಟದಲ್ಲಿ ನಾವು ನಮ್ಮ ಅಂತರಂಗವನ್ನು ಪರೀಕ್ಷಿಸಿಕೊಳ್ಳುತ್ತೇವಲ್ಲ, ಹಾಗೆಯೇ ಇಲ್ಲಿಯೂ. ಇನ್ನೊಬ್ಬನು ತಾನೇಕೆ ನಂಬುವುದಿಲ್ಲವೆಂದು ಪ್ರಾಮಾಣಿಕವಾಗಿ ಹೇಳುವುದನ್ನು ಕೇಳುತ್ತಾ, ನಾನೇಕೆ ನಂಬುತ್ತೇನೆ ಎಂದು ನನ್ನನ್ನೇ ಪ್ರಶ್ನಿಸಿಕೊಳ್ಳುವುದು.

ಮನುಷ್ಯರನ್ನು ವಿಶ್ವಾಸಿಗಳು, ವಿಶ್ವಾಸವಿಲ್ಲದವರು ಎಂದು ವಿಂಗಡಿಸುವುದಕ್ಕಿಂತ, ಆಲೋಚಿಸುವವರು, ಆಲೋಚಿಸದವರು ಎಂದು ವಿಂಗಡಿಸುವುದು ಹೆಚ್ಚು ಮುಖ್ಯ ಎಂಬ ತತ್ತ್ವಜ್ಞಾನಿ ನೊರ್ಬೆರ್ತೊ ಬೊಬ್ಬಿಯೊ ಅವರ ಮಾತು ಮಾರ್ತೀನಿಯವರಿಗೆ ಬಹಳ ಹಿಡಿಸಿತ್ತು. ದೇವರ ಬಗ್ಗೆ ಯೋಚಿಸುವ ಗೋಜಿಗೇ ಹೋಗದೆ ತಿಂದು ಉಂಡು ಮಲಗುವವನಿಗಿಂತ, ದೇವರಿದ್ದಾನೆಯೇ ಎಂದು ಕೇಳುತ್ತಾ ನಿದ್ದೆ ಕಳೆದುಕೊಳ್ಳುವವನು ದೇವರಿಗೆ ಹತ್ತಿರದವನಲ್ಲವೇ? ಪ್ರತಿ ಭಾನುವಾರ ಬೆಂಚಿನಲ್ಲಿ ಕುಳಿತು, ಕೇಳಿದ ಶುಭಸಂದೇಶವನ್ನು ಅಂಗಳ ದಾಟುವಷ್ಟರಲ್ಲಿ ಮರೆತುಬಿಡುವ ನಮ್ಮನ್ನು ಈ ಪ್ರಶ್ನೆ ಚುಚ್ಚಲೇಬೇಕು.

ನಮ್ಮೊಳಗಿನ ಇಬ್ಬರು

ಈ ಪೀಠದ ಹಿಂದಿದ್ದ ಮುಖ್ಯ ವಿಚಾರವೊಂದನ್ನು ಮಾರ್ತೀನಿಯವರು ಮತ್ತೆ ಮತ್ತೆ ಹೇಳುತ್ತಿದ್ದರು. ನಮ್ಮಲ್ಲಿ ಪ್ರತಿಯೊಬ್ಬರೊಳಗೂ ಒಬ್ಬ ವಿಶ್ವಾಸಿಯೂ ಒಬ್ಬ ಅವಿಶ್ವಾಸಿಯೂ ಇದ್ದಾರೆ. ಅವರಿಬ್ಬರೂ ಒಬ್ಬರನ್ನೊಬ್ಬರು ಪ್ರಶ್ನಿಸುತ್ತಲೇ ಇರುತ್ತಾರೆ ಎಂಬುದೇ ಆ ವಿಚಾರ.

ಇದು ಹೊಸ ಬೋಧನೆಯೆಂದು ಗಾಬರಿಯಾಗಬೇಡಿ. ಸಂತ ಮಾರ್ಕರ ಶುಭಸಂದೇಶದ 9ನೇ ಅಧ್ಯಾಯವನ್ನು ತೆರೆದು ನೋಡಿ. ಮೂರ್ಛೆರೋಗದಿಂದ ನರಳುವ ಮಗನನ್ನು ಕರೆತಂದ ತಂದೆ, ತಾನು ವಿಶ್ವಾಸಿಸುತ್ತೇನೆಂದು ಹೇಳಿದ ಉಸಿರಿನಲ್ಲಿಯೇ ತನ್ನ ಅವಿಶ್ವಾಸವನ್ನು ನೀಗಿಸಬೇಕೆಂದು ಯೇಸುಸ್ವಾಮಿಯನ್ನು ಬೇಡುತ್ತಾನೆ. ಒಂದೇ ಎದೆಯಲ್ಲಿ ಎರಡೂ ಇದ್ದವು. ಪ್ರಭು ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ, ಮಗನನ್ನು ಗುಣಪಡಿಸಿದರು.

ಪ್ರೇಷಿತ ಸಂತ ತೋಮರ ಕತೆ ನಿಮಗೆಲ್ಲ ಗೊತ್ತಿರುವುದೇ. ಆದರೆ ಸಂತ ಯೊವಾನ್ನರ 20ನೇ ಅಧ್ಯಾಯದಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಸಣ್ಣ ವಿವರವೊಂದಿದೆ. ಗಾಯಗಳನ್ನು ಮುಟ್ಟಿ ನೋಡದೆ ನಂಬುವುದಿಲ್ಲ ಎಂದು ತೋಮರು ಖಡಾಖಂಡಿತವಾಗಿ ಹೇಳಿದ ಮೇಲೆ ಎಂಟು ದಿನಗಳು ಕಳೆಯುತ್ತವೆ. ಎಂಟು ದಿನಗಳ ನಂತರ ಶಿಷ್ಯರು ಮತ್ತೆ ಆ ಮನೆಯೊಳಗಿದ್ದಾಗ ತೋಮರೂ ಅವರ ಜೊತೆಯಲ್ಲಿಯೇ ಇದ್ದರು! ಉಳಿದ ಹತ್ತು ಮಂದಿ ಅವರನ್ನು ಹೊರಗೆ ಹಾಕಲಿಲ್ಲ. ತೋಮರೂ ಮುನಿಸಿಕೊಂಡು ಹೊರಟುಹೋಗಲಿಲ್ಲ. ಪುನರುತ್ಥಾನವನ್ನು ನಂಬಿದವರೂ ನಂಬದವನೂ ಒಂದೇ ಕೋಣೆಯಲ್ಲಿ ಕೂಡಿದ್ದರಿಂದ ಪ್ರಭು ಬಂದಾಗ ತೋಮರು ಅಲ್ಲಿ ಸಿಕ್ಕಿದರು. ಒಂದು ವೇಳೆ ಅವರನ್ನು ಹೊರದಬ್ಬಿದ್ದರೆ? ನಮ್ಮ ಮನೆಗಳ ತೋಮರನ್ನು ನಾವು ಕೋಣೆಯೊಳಗೆ ಇಟ್ಟುಕೊಂಡಿದ್ದೇವೆಯೇ, ಅಥವಾ ನಮ್ಮ ಮಾತಿನ ಬಿರುಸಿನಿಂದ ಹೊರಗೆ ಅಟ್ಟಿದ್ದೇವೆಯೇ?

ನಮ್ಮ ಎಷ್ಟೋ ಮನೆಗಳ ಪ್ರಾರ್ಥನಾ ಮೂಲೆಯಲ್ಲಿ ಗುಲಾಬಿ ಹೂಗಳನ್ನು ಹಿಡಿದ ಬಾಲಯೇಸುವಿನ ಸಂತ ತೆರೇಸಮ್ಮನವರ ಪಟವಿದೆ. 1896ರ ಪಾಸ್ಕದಿಂದ ಹಿಡಿದು 1897ರ ಸೆಪ್ಟೆಂಬರ್ 30ರಂದು ಸಾಯುವವರೆಗೆ, ಸುಮಾರು 18 ತಿಂಗಳು, ಸ್ವರ್ಗವೆಂಬುದು ಇದೆಯೇ ಎಂಬ ಕತ್ತಲು ಅವರ ಆತ್ಮವನ್ನು ಮುತ್ತಿತ್ತು. ವಿಶ್ವಾಸವಿಲ್ಲದವರು ಕುಳಿತ ಮೇಜಿನಲ್ಲಿ ತಾನೂ ಕುಳಿತು ಅವರ ಕಹಿ ರೊಟ್ಟಿಯನ್ನೇ ತಿನ್ನಲು ಅವರು ಒಪ್ಪಿಕೊಂಡರು. ಆ ಜನರನ್ನು ತಮ್ಮ ಸಹೋದರರೆಂದು ಭಾವಿಸಿ ಅವರಿಗಾಗಿ ಬೇಡಿಕೊಂಡರು. ಇಂಥವರನ್ನೇ 1997ರಲ್ಲಿ ಧರ್ಮಸಭೆ ತನ್ನ ಮಹಾಬೋಧಕರ ಸಾಲಿಗೆ ಸೇರಿಸಿತು. ಕಲ್ಕತ್ತೆಯ ಸಂತ ಮದರ್ ತೆರೇಸಾರವರೂ ದಶಕಗಳ ಕಾಲ ಅಂತರಂಗದ ಕತ್ತಲಲ್ಲಿ ನಡೆದರೆಂಬುದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. ಕತ್ತಲು ಬಂದಿತೆಂದರೆ ವಿಶ್ವಾಸ ಸತ್ತಿತು ಎಂದರ್ಥವಲ್ಲ.

ಧರ್ಮಸಭೆ ಏನು ಕಲಿಸುತ್ತದೆ?

"ಇದೆಲ್ಲ ಒಬ್ಬ ಕಾರ್ಡಿನಲರ ಸ್ವಂತ ಅಭಿಪ್ರಾಯವಲ್ಲವೇ?" ಎಂದು ನೀವು ಕೇಳಬಹುದು. ಅಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಪ್ರಕಟಿಸಿದ 'ಇಂದಿನ ಜಗತ್ತಿನಲ್ಲಿ ಧರ್ಮಸಭೆ' ಎಂಬ ಸಂವಿಧಾನದ 19ರಿಂದ 21ನೇ ಪರಿಚ್ಛೇದಗಳು ನಾಸ್ತಿಕತೆಯನ್ನು ಕುರಿತು ಮಾತಾಡುತ್ತವೆ. ಮಹಾಸಭೆ ನಾಸ್ತಿಕತೆಯನ್ನು ಒಪ್ಪಲಿಲ್ಲ, ಸ್ಪಷ್ಟವಾಗಿ ತಿರಸ್ಕರಿಸಿತು. ಆದರೆ ಅದರ ಜೊತೆಗೆ ನಮ್ಮ ಎದೆ ನಡುಗಿಸುವ ಒಂದು ವಿಷಯವನ್ನೂ ಹೇಳಿತು. ಜನ ದೇವರನ್ನು ಬಿಟ್ಟುಹೋಗುವುದರಲ್ಲಿ ವಿಶ್ವಾಸಿಗಳ ಪಾಲೂ ಇರಬಹುದು. ಮಕ್ಕಳಿಗೆ ವಿಶ್ವಾಸದ ಶಿಕ್ಷಣ ಕೊಡುವುದರಲ್ಲಿ ಉದಾಸೀನರಾದಾಗ, ಬೋಧನೆಯನ್ನು ತಪ್ಪಾಗಿ ಹೇಳಿದಾಗ, ನಮ್ಮ ನಡತೆಯೇ ಸರಿಯಿಲ್ಲದಾಗ, ನಾವು ದೇವರ ಮುಖವನ್ನು ತೋರಿಸುವ ಬದಲು ಮರೆಮಾಡುತ್ತೇವೆ ಎಂಬುದು ಅದರ ಎಚ್ಚರಿಕೆ. ಲೋಕವನ್ನು ಸರಿಯಾಗಿ ಕಟ್ಟಲು ನಂಬುವವರೂ ನಂಬದವರೂ ಕೂಡಿ ದುಡಿಯಬೇಕು, ಅದಕ್ಕೆ ಪ್ರಾಮಾಣಿಕವಾದ ಸಂವಾದ ಬೇಕು ಎಂದೂ ಅದು ಹೇಳಿತು. ಅದೇ 1965ರಲ್ಲಿ ಜಗದ್ಗುರು ಆರನೇ ಪೌಲರು ವಿಶ್ವಾಸವಿಲ್ಲದವರೊಡನೆ ಸಂವಾದಕ್ಕೆಂದೇ ಒಂದು ಕಾರ್ಯಾಲಯ ತೆರೆದು, ವಿಯೆನ್ನಾದ ಕಾರ್ಡಿನಲ್ ಫ್ರಾನ್ಸ್ ಕೋನಿಗ್ ಅವರಿಗೆ ಅದನ್ನು ವಹಿಸಿದರು.

1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ತನ್ನ 2088ನೇ ಪರಿಚ್ಛೇದದಲ್ಲಿ ಸಂದೇಹಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ದೇವರು ತಿಳಿಸಿದ್ದನ್ನು ಬೇಕೆಂದೇ ಕಡೆಗಣಿಸುವುದು ಒಂದು. ನಂಬಲು ಹಿಂಜರಿಯುವುದು, ಎದುರಾದ ಆಕ್ಷೇಪಣೆಗಳನ್ನು ದಾಟಲಾಗದೆ ತೊಳಲಾಡುವುದು ಇನ್ನೊಂದು. ನಿಮ್ಮ ಮಗ ಯಾವ ಸಂದೇಹದಲ್ಲಿದ್ದಾನೆ ಎಂಬುದು, ಅವನ ಮಾತನ್ನು ಪೂರ್ತಿ ಕೇಳದೆ ನಿಮಗೆ ಗೊತ್ತಾಗುವುದಾದರೂ ಹೇಗೆ?

ಮಾರ್ತೀನಿಯವರ ನಂತರವೂ ಈ ಹಾದಿ ಮುಚ್ಚಿಹೋಗಲಿಲ್ಲ. ಹಳೆಯ ಜೆರುಸಲೇಮ್ ದೇವಾಲಯದಲ್ಲಿ ಯೆಹೂದ್ಯರಲ್ಲದವರೂ ಬಂದು ನಿಲ್ಲಬಹುದಾದ ಹೊರ ಅಂಗಳವೊಂದಿತ್ತು. ಜಗದ್ಗುರು ಹದಿನಾರನೇ ಬೆನೆಡಿಕ್ಟರು 2009ರ ಡಿಸೆಂಬರಿನಲ್ಲಿ ಅದನ್ನು ನೆನಪಿಸಿ, ದೇವರನ್ನು ದೂರದಿಂದಲಾದರೂ ಅರಸುವವರಿಗೆ ಇಂದೂ ಅಂಥ ಅಂಗಳ ಬೇಕೆಂದರು. 2011ರ ಮಾರ್ಚಿನಲ್ಲಿ ಪ್ಯಾರಿಸ್ಸಿನಲ್ಲಿ 'ಅನ್ಯಜನರ ಅಂಗಳ' ಎಂಬ ಹೆಸರಿನಲ್ಲಿಯೇ ಆ ಸಂವಾದ ಆರಂಭವಾಯಿತು. ಎರಡು ದಿನಗಳ ಮಾತುಕತೆಯ ಕೊನೆಗೆ ನೋತ್ರ್ ದಾಮ್ ದೇವಾಲಯದ ಮುಂದಿನ ಬಯಲಿನಲ್ಲಿ ಯುವಜನರು ಸೇರಿದರು. ಅದೇ ವರ್ಷ ಅಕ್ಟೋಬರ್ 27ರಂದು ಅಸ್ಸೀಸಿಯಲ್ಲಿ ಸರ್ವಧರ್ಮಗಳ ಮುಖಂಡರನ್ನು ಶಾಂತಿಗಾಗಿ ಕೂಡಿಸಿದಾಗ, ಯಾವ ಧರ್ಮಕ್ಕೂ ಸೇರದ ಚಿಂತಕರನ್ನೂ ಜಗದ್ಗುರುಗಳು ಕರೆದಿದ್ದರು.

ಬೇರು ಮೊದಲು, ಬಾಗಿಲು ಆಮೇಲೆ

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಏಳುತ್ತದೆ. "ನಂಬದವರ ವಾದವನ್ನು ಕೇಳುತ್ತಾ ಕುಳಿತರೆ ನಮ್ಮ ದುರ್ಬಲ ವಿಶ್ವಾಸವೂ ಕೊಚ್ಚಿಹೋಗುವುದಿಲ್ಲವೇ?" ಮಿಲಾನಿನಲ್ಲಿಯೂ ಇಂಥ ಟೀಕೆ ಬಂದಿತ್ತು. ಈ ಭಯವನ್ನು ನಾವು ಹಗುರವಾಗಿ ತಳ್ಳಿಹಾಕಬಾರದು.

ಇದಕ್ಕೆ ಉತ್ತರ ಮಾರ್ತೀನಿಯವರ ಕೆಲಸದ ಕ್ರಮದಲ್ಲಿಯೇ ಇದೆ. ಅವರು ಮಿಲಾನಿಗೆ ಬಂದ ವರ್ಷವೇ, 1980ರಲ್ಲಿ, 'ವಾಕ್ಯದ ಶಾಲೆ' ಎಂಬುದನ್ನು ಆರಂಭಿಸಿದರು. ಪ್ರಧಾನಾಲಯದಲ್ಲಿ ಯುವಜನರನ್ನು ಕೂಡಿಸಿ, ಪವಿತ್ರ ಬೈಬಲಿನ ಒಂದು ಭಾಗವನ್ನು ನಿಧಾನವಾಗಿ ಓದಿ, ಅದು ಏನು ಹೇಳುತ್ತದೆ, ನನಗೆ ಏನು ಹೇಳುತ್ತದೆ ಎಂದು ಧ್ಯಾನಿಸಿ, ಮೌನದಲ್ಲಿ ಪ್ರಾರ್ಥಿಸುವುದನ್ನು ಕಲಿಸಿದರು. ಸಾವಿರಾರು ತರುಣ ತರುಣಿಯರು ಅಲ್ಲಿ ನೆರೆಯುತ್ತಿದ್ದರು. ಅದಾಗಿ ಏಳು ವರ್ಷಗಳ ಮೇಲೆ ವಿಶ್ವಾಸವಿಲ್ಲದವರ ಪೀಠ ಬಂತು. ಮೊದಲು ದೇವರ ಮಾತಿಗೆ ಕಿವಿಗೊಡಲು ಕಲಿತವರು, ಆಮೇಲೆ ಮನುಷ್ಯನ ಪ್ರಶ್ನೆಗೆ ಕಿವಿಗೊಟ್ಟರು. ಬೇರು ಆಳಕ್ಕೆ ಇಳಿದ ಮರಕ್ಕೆ ಗಾಳಿಯ ಹೆದರಿಕೆ ಕಡಿಮೆ. ನಾವೇ ಬೈಬಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಮಕ್ಕಳ ಪ್ರಶ್ನೆಗೆ ಹೆದರಿದರೆ, ತಪ್ಪು ಪ್ರಶ್ನೆಯದಲ್ಲ.

ಎರಡನೆಯದಾಗಿ, ಕೇಳುವುದೆಂದರೆ ಸತ್ಯವನ್ನು ಬಿಟ್ಟುಕೊಡುವುದಲ್ಲ. ಇಟಲಿಯ ಪ್ರಸಿದ್ಧ ಕಾದಂಬರಿಕಾರ ಉಂಬರ್ತೊ ಎಕೊ ಯೌವನದಲ್ಲಿ ಕಥೋಲಿಕ ಸಂಘಟನೆಯಲ್ಲಿ ದುಡಿದು, ನಂತರ ವಿಶ್ವಾಸವನ್ನು ಬಿಟ್ಟವರು. 1995–96ರಲ್ಲಿ ಅವರೂ ಮಾರ್ತೀನಿಯವರೂ ಒಂದು ನಿಯತಕಾಲಿಕದ ಪುಟಗಳಲ್ಲಿ ಪತ್ರವ್ಯವಹಾರ ನಡೆಸಿದರು. ಮನುಷ್ಯಜೀವ ಯಾವಾಗ ಆರಂಭವಾಗುತ್ತದೆ, ಸ್ತ್ರೀಯರಿಗೆ ಗುರುದೀಕ್ಷೆ ಏಕಿಲ್ಲ ಎಂಬ ಮುಳ್ಳಿನ ಪ್ರಶ್ನೆಗಳನ್ನು ಎಕೊ ಕೇಳಿದರು. ಕಾರ್ಡಿನಲರು ಧರ್ಮಸಭೆಯ ಬೋಧನೆಯನ್ನು ಮುಚ್ಚಿಡಲಿಲ್ಲ. ತಿರುಗಿ ತಾವೂ ಕೇಳಿದರು: ದೇವರಿಲ್ಲದವನು ಒಳ್ಳೆಯತನಕ್ಕೆ ಬುನಾದಿಯನ್ನು ಎಲ್ಲಿ ಹುಡುಕುತ್ತಾನೆ? ಇನ್ನೊಬ್ಬ ಮನುಷ್ಯ ನಮ್ಮ ಎದುರಿಗೆ ಬಂದು ನಿಂತಾಗಲೇ ನೀತಿ ಹುಟ್ಟುತ್ತದೆ ಎಂಬರ್ಥದ ಉತ್ತರವನ್ನು ಎಕೊ ಕೊಟ್ಟರು. ಇಬ್ಬರೂ ತಮ್ಮ ನೆಲೆಯನ್ನು ಬಿಡಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹೀಯಾಳಿಸಲೂ ಇಲ್ಲ. 1996ರಲ್ಲಿ ಆ ಪತ್ರಗಳು ಪುಸ್ತಕವಾಗಿ ಬಂದವು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ?

ಸಂತ ಪೇತ್ರರೂ ತಮ್ಮ ಮೊದಲನೆಯ ಪತ್ರದ 3ನೇ ಅಧ್ಯಾಯದಲ್ಲಿ ಇದನ್ನೇ ಕಲಿಸುತ್ತಾರೆ. ನಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸದಾ ಸಿದ್ಧರಾಗಿರಬೇಕು. ಆದರೆ ಆ ಉತ್ತರದಲ್ಲಿ ವಿನಯವೂ ಗೌರವವೂ ಇರಬೇಕು. ನಮ್ಮಲ್ಲಿ ಕೆಲವರಿಗೆ ಉತ್ತರವಿದೆ, ವಿನಯವಿಲ್ಲ. ಕೆಲವರಿಗೆ ವಿನಯವಿದೆ, ಉತ್ತರವಿಲ್ಲ. ಎರಡೂ ಬೇಕು.

ನಿಮ್ಮ ಮನೆಯಲ್ಲಿಯೂ ಒಂದು ಪೀಠ

ಹಾಗಾದರೆ ನಮ್ಮ ಕುಟುಂಬಗಳಲ್ಲಿ ಏನು ಮಾಡಬಹುದು? ನಿಮ್ಮ ಊಟದ ಕೋಣೆಯ ಒಂದು ಕುರ್ಚಿಯೇ ಆ ಪೀಠವಾಗಲು ಸಾಕು.

1. ಮೊದಲು ಕೇಳಿ. ಸಂತ ಲೂಕರ 24ನೇ ಅಧ್ಯಾಯದಲ್ಲಿ ಇಬ್ಬರು ಶಿಷ್ಯರು ನಿರಾಶರಾಗಿ ಜೆರುಸಲೇಮನ್ನು ಬಿಟ್ಟು ಎಮ್ಮಾವುಸ್ ಕಡೆಗೆ ಹೋಗುತ್ತಿದ್ದರು. ಪುನರುತ್ಥಾನರಾದ ಪ್ರಭು ಅವರ ದಾರಿಗೆ ಅಡ್ಡ ನಿಂತು ಹಿಂದಿರುಗಿ ಎನ್ನಲಿಲ್ಲ. ಅವರ ಜೊತೆಗೇ ನಡೆದರು. ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು ವಿಚಾರಿಸಿ, ಅವರ ದುಃಖವನ್ನೆಲ್ಲ ಹೇಳಲು ಬಿಟ್ಟು, ಆಮೇಲೆ ವಿವರಿಸಲು ತೊಡಗಿದರು. ನೀವೂ ಒಂದು ಸಂಜೆ ಮಗನನ್ನೋ ಮಗಳನ್ನೋ ಕೂರಿಸಿಕೊಂಡು, "ನಿನಗೆ ಏನು ಅನ್ನಿಸುತ್ತದೆ ಹೇಳಪ್ಪ, ನಾವು ನಡುವೆ ಬಾಯಿ ಹಾಕುವುದಿಲ್ಲ" ಎನ್ನಿ. ಹೇಳಿದಂತೆ ಸುಮ್ಮನೆ ಕುಳಿತು ಕೇಳಿ.

2. ಪ್ರಶ್ನೆಯ ಹಿಂದಿರುವ ಗಾಯವನ್ನು ಗುರುತಿಸಿ. "ದೇವರಿಲ್ಲ" ಎನ್ನುವ ಎಲ್ಲರೂ ಒಂದೇ ಮಾತು ಹೇಳುತ್ತಿರುವುದಿಲ್ಲ. ಒಬ್ಬನಿಗೆ ಅದು ವಿಜ್ಞಾನದ ಪಾಠದಿಂದ ಎದ್ದ ಪ್ರಶ್ನೆ. ಇನ್ನೊಬ್ಬಳಿಗೆ, ಎಷ್ಟು ಪ್ರಾರ್ಥಿಸಿದರೂ ಅಜ್ಜಿ ಉಳಿಯಲಿಲ್ಲವೆಂಬ ಸಂಕಟ. ಮತ್ತೊಬ್ಬನಿಗೆ, ಪೂಜೆಗೆ ತಪ್ಪದೆ ಹೋಗುವ ಹಿರಿಯರೇ ಆಸ್ತಿಗಾಗಿ ಕೋರ್ಟಿಗೆ ಹೋದದ್ದನ್ನು ನೋಡಿದ ಬೇಸರ. ವಿಜ್ಞಾನದ ಪ್ರಶ್ನೆಗೆ ಪುಸ್ತಕ ಕೊಡಬಹುದು. ಸಂಕಟಕ್ಕೆ ಪುಸ್ತಕವಲ್ಲ, ಹೆಗಲು ಬೇಕು. ಬೇಸರಕ್ಕೆ ನಮ್ಮ ಪಶ್ಚಾತ್ತಾಪವೇ ಮದ್ದು.

3. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿ. ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತರು. ಅವರು ಮಾಡಿದ ಅತ್ಯುತ್ತಮ ಕೆಲಸ ಅದೇ. ಬಾಯಿ ತೆರೆದು ದೇವರ ಪರವಾಗಿ ವಾದಿಸತೊಡಗಿದಾಗ ಕೆಟ್ಟಿತು. ಗ್ರಂಥದ ಕೊನೆಯಲ್ಲಿ ದೇವರು ಮೆಚ್ಚಿದ್ದು ಕೂಗಾಡಿ ಪ್ರಶ್ನಿಸಿದ ಯೋಬನನ್ನು. ಸಿದ್ಧ ಉತ್ತರ ಒಪ್ಪಿಸಿದ ಗೆಳೆಯರನ್ನಲ್ಲ. "ಇದು ನನಗೂ ತಿಳಿಯದು ಮಗಾ, ಗುರುಗಳನ್ನು ಕೇಳೋಣ, ಓದಿ ನೋಡೋಣ" ಎನ್ನುವುದರಿಂದ ನಿಮ್ಮ ಗೌರವ ಕುಂದುವುದಿಲ್ಲ, ಹೆಚ್ಚುತ್ತದೆ.

4. ಪ್ರಾರ್ಥನೆಯನ್ನು ಆಯುಧ ಮಾಡಬೇಡಿ. ಮಗ ಕೇಳಲೆಂದೇ ಗಟ್ಟಿಯಾಗಿ, "ಸ್ವಾಮಿ, ದಾರಿ ತಪ್ಪಿದ ಇವನಿಗೆ ಬುದ್ಧಿ ಕೊಡು" ಎಂದು ಜಪಸರದ ನಡುವೆ ಸೇರಿಸುವುದು ದೇವರಿಗೆ ಹೇಳಿದ ಮಾತಲ್ಲ, ಮಗನಿಗೆ ಕೊಟ್ಟ ಏಟು. ಅಗುಸ್ತೀನನ ತಾಯಿ ಸಂತ ಮೋನಿಕಮ್ಮನವರು, ಮಗನೊಡನೆ ವಾದಿಸಿ ತಿದ್ದಿರೆಂದು ಒಬ್ಬ ಧರ್ಮಾಧ್ಯಕ್ಷರನ್ನು ಬೇಡಿಕೊಂಡಾಗ, ಅವರು ಒಪ್ಪಲಿಲ್ಲ. ಅವನು ಈಗ ಕೇಳುವ ಸ್ಥಿತಿಯಲ್ಲಿಲ್ಲ, ಅವನಿಗಾಗಿ ಪ್ರಾರ್ಥಿಸುತ್ತಿರು, ಓದುತ್ತಾ ಓದುತ್ತಾ ಅವನೇ ತನ್ನ ತಪ್ಪು ಕಂಡುಕೊಳ್ಳುತ್ತಾನೆ ಎಂದರು. ಆ ತಾಯಿಯ ಕಣ್ಣೀರು ಎಷ್ಟೋ ವರ್ಷ ದೇವರ ಮುಂದೆಯೇ ಹರಿಯಿತು.

5. ಧರ್ಮಕೇಂದ್ರದಲ್ಲಿಯೂ ಜಾಗ ಮಾಡಿ. ಯುವಕರ ಕೂಟಗಳಲ್ಲಿ ಹಾಡು, ಆಟ, ಹಬ್ಬದ ತಯಾರಿ ಎಲ್ಲವೂ ಇರುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ಒಂದು ಸಂಜೆಯನ್ನು ಪ್ರಶ್ನೆಗಳಿಗೆಂದೇ ಮೀಸಲಿಡಬಾರದೇ? ಪೂಜೆಗೆ ಬಾರದವರನ್ನೂ ಅಂದು ಕರೆಯಬಹುದು. ಓದಿಕೊಂಡ ಗುರುಗಳೋ ಕನ್ಯಾಸ್ತ್ರೀಯರೋ ಶಿಕ್ಷಕರೋ ಇರಲಿ. ಅಂದಿನ ನಿಯಮ ಒಂದೇ: ಯಾರ ಪ್ರಶ್ನೆಗೂ ನಗಬಾರದು, ಯಾರನ್ನೂ ಹೆಸರಿಟ್ಟು ಕರೆಯಬಾರದು.

ಫಲ ದೇವರಿಗೆ ಬಿಟ್ಟದ್ದು

ಹೀಗೆಲ್ಲ ಮಾಡಿದರೆ ಮಗ ಮುಂದಿನ ಭಾನುವಾರವೇ ಪೂಜೆಗೆ ಬರುತ್ತಾನೆಯೇ? ಬರದೆಯೂ ಇರಬಹುದು. ಸಂತ ಪೌಲರು ಅಥೆನ್ಸ್ ನಗರದ ಅರಿಯೊಪಾಗ ಸಭೆಯಲ್ಲಿ ತತ್ತ್ವಜ್ಞಾನಿಗಳ ಎದುರು ನಿಂತು ಮಾತಾಡಿದ್ದನ್ನು ಪ್ರೇಷಿತರ ಕಾರ್ಯಕಲಾಪಗಳ 17ನೇ ಅಧ್ಯಾಯದಲ್ಲಿ ಓದುತ್ತೇವೆ. ಅವರು ಆ ಜನರನ್ನು ಬೈಯುತ್ತಾ ಶುರು ಮಾಡಲಿಲ್ಲ. ಊರೆಲ್ಲ ಸುತ್ತಿ ನೋಡಿ, ತಿಳಿಯದ ದೇವರಿಗೆಂದು ಅವರೇ ಕಟ್ಟಿದ್ದ ಪೀಠದಿಂದ ಮಾತು ಎತ್ತಿಕೊಂಡರು. ಆದರೂ ಸತ್ತವರ ಪುನರುತ್ಥಾನವೆಂದ ಕೂಡಲೇ ಕೆಲವರು ನಕ್ಕರು. ಕೆಲವರು ಇನ್ನೊಮ್ಮೆ ಕೇಳೋಣವೆಂದರು. ಕೆಲವರು ಮಾತ್ರ ವಿಶ್ವಾಸವಿಟ್ಟರು. ಅವರಲ್ಲಿ ದಿಯೊನಿಸಿಯನೆಂಬ ಪುರುಷ, ದಾಮರಿ ಎಂಬ ಸ್ತ್ರೀ, ಇಬ್ಬರ ಹೆಸರು ಮಾತ್ರ ನಮಗೆ ತಿಳಿದಿದೆ. ಪೌಲರಂಥವರಿಗೇ ಫಲ ಇಷ್ಟಾದರೆ ನಾವು ಅವಸರಪಡುವುದೇಕೆ?

ಮಾರ್ತೀನಿಯವರ ಪೀಠದಿಂದ ಎಷ್ಟು ಜನ ಮರಳಿ ಧರ್ಮಸಭೆಗೆ ಬಂದರೆಂದು ಯಾರೂ ಎಣಿಸಲಿಲ್ಲ; ಎಣಿಸುವುದು ಅವರ ಉದ್ದೇಶವೂ ಆಗಿರಲಿಲ್ಲ. ಅವರು 2002ರಲ್ಲಿ ನಿವೃತ್ತರಾಗಿ, ಜೆರುಸಲೇಮಿನಲ್ಲಿ ಕೆಲವು ವರ್ಷ ಬೈಬಲ್ ಅಧ್ಯಯನದಲ್ಲಿ ಕಳೆದು, ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿ 2012ರ ಆಗಸ್ಟ್ 31ರಂದು ತೀರಿಕೊಂಡರು. ಮಿಲಾನಿನ ಪ್ರಧಾನಾಲಯದಲ್ಲಿ ಅವರ ಅಂತಿಮ ದರ್ಶನಕ್ಕೆ ಸಾಲುಗಟ್ಟಿ ನಿಂತವರಲ್ಲಿ ಪೂಜೆಗೆ ಎಂದೂ ಹೋಗದವರೂ ಇದ್ದರು. ತಮ್ಮ ಮಾತಿಗೆ ಕಿವಿಗೊಟ್ಟ ಒಬ್ಬ ಧರ್ಮಾಧ್ಯಕ್ಷರಿಗಾಗಿ ಅವರು ದೇವಾಲಯದ ಹೊಸ್ತಿಲು ದಾಟಿದ್ದರು.

ನಿಮ್ಮ ಮಗ ಅಥವಾ ಮಗಳು ಇಂದು ನಂಬದೇ ಇರಬಹುದು. ಆದರೆ ನಾಳೆ ಅವರ ಬದುಕಿನಲ್ಲಿ ಸಾವೋ ನೋವೋ ದೊಡ್ಡ ಸಂತೋಷವೋ ಬಂದು, ಆ ದೊಡ್ಡ ಪ್ರಶ್ನೆಗಳು ಮತ್ತೆ ಎದ್ದಾಗ, ಯಾರ ಬಳಿಗೆ ಹೋಗುತ್ತಾರೆ? ಹಿಂದೆ ತಮ್ಮ ಮಾತನ್ನು ಕೇಳಿಸಿಕೊಂಡವರ ಬಳಿಗೇ ಹೋಗುತ್ತಾರೆ. ಅಂದು ಅವರಿಗೆ ನಿಮ್ಮ ಮನೆಯ ಬಾಗಿಲು ನೆನಪಾಗುವಂತೆ ಇಂದೇ ಅದನ್ನು ತೆರೆದಿಡಿ.

ಕುಟುಂಬದಲ್ಲಿ ಚಿಂತಿಸಲು

• ನಮ್ಮ ಮನೆಯಲ್ಲಿ ದೇವರ ಬಗ್ಗೆ ಒಂದು ಕಷ್ಟದ ಪ್ರಶ್ನೆಯನ್ನು ಹೆದರಿಕೆಯಿಲ್ಲದೆ ಕೇಳಬಹುದೇ? ಮಕ್ಕಳೇ ಉತ್ತರಿಸಲಿ.

• ನಾನೇಕೆ ವಿಶ್ವಾಸಿಸುತ್ತೇನೆ? "ನಮ್ಮ ಹಿರಿಯರು ನಂಬಿದ್ದರು" ಎಂಬುದನ್ನು ಬಿಟ್ಟು ಇನ್ನೊಂದು ಕಾರಣವನ್ನು ಪ್ರತಿಯೊಬ್ಬರೂ ಹೇಳಿ.

• ನಮ್ಮ ನಡತೆಯಲ್ಲಿ ದೇವರ ಮುಖವನ್ನು ಮರೆಮಾಡುವಂಥದ್ದು ಏನಿದೆ?

• ಯೊವಾನ್ನ 20:24–29ನ್ನು ಒಟ್ಟಿಗೆ ಓದಿ. ಆ ಎಂಟು ದಿನಗಳಲ್ಲಿ ತೋಮರೊಡನೆ ಉಳಿದ ಶಿಷ್ಯರು ಹೇಗೆ ನಡೆದುಕೊಂಡಿರಬಹುದು?

ಪ್ರಾರ್ಥನೆ

ಪ್ರಭು ಯೇಸುವೇ, ಎಮ್ಮಾವುಸಿನ ಹಾದಿಯಲ್ಲಿ ನೊಂದವರ ಮಾತನ್ನು ತಾಳ್ಮೆಯಿಂದ ಕೇಳಿದಿರಿ. ನಮ್ಮ ಮನೆಯಲ್ಲಿ ನಿಮ್ಮನ್ನು ಕಾಣಲಾಗದೆ ತೊಳಲುವವರ ಮಾತನ್ನು ಕೇಳುವ ಕಿವಿಯನ್ನು ನಮಗೆ ದಯಪಾಲಿಸಿರಿ. ನಮ್ಮೊಳಗಿನ ಅವಿಶ್ವಾಸವನ್ನು ಮೊದಲು ವಾಸಿಮಾಡಿರಿ. ಬಾಗಿಲು ಮುಚ್ಚಿದ್ದ ಕೋಣೆಯೊಳಗೂ ತೋಮರನ್ನು ಅರಸಿ ಬಂದ ನೀವು ನಮ್ಮ ಮಕ್ಕಳನ್ನೂ ಅರಸಿ ಬನ್ನಿರಿ. ಆಮೆನ್.